ಔಟಾದವರ ಸಾಲು

ಆ ದಿನ ಮಹಾಬಲೇಶ್ವರ ನಕ್ಕಿರದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

2002ರ ಶರತ್ಕಾಲ. ಓರೆಬ್ರೂ ಊರಿನಿಂದ ಬಸ್ಸಿನಲ್ಲಿ ಇಪ್ಪತ್ತು ನಿಮಿಷ ಹೋದರೆ ಸರೋವರದ ದಂಡೆಯಲ್ಲಿ ಸ್ಟೆನ್‌ವಿಕ್ ಎಂಬ ಪುಟ್ಟ ಕಾಲೇಜಿತ್ತು. ಮಹಾಬಲೇಶ್ವರನ ಹೆಂಡತಿ ಪದ್ಮಿನಿ ಅಲ್ಲಿ ಸ್ವೀಡಿಷ್ ಭಾಷೆ ಕಲಿಯುತ್ತಿದ್ದಳು. ಆಸ್ಪತ್ರೆಯಲ್ಲಿ ಡಯಾಲಿಸಿಸ್ ಯಂತ್ರಗಳನ್ನು ರಿಪೇರಿ ಮಾಡುವ ಕೆಲಸ ಮುಗಿಸಿ, ಅವಳನ್ನು ಕರೆದೊಯ್ಯಲು ಬಂದವನು ಮೈದಾನದ ಅಂಚಿನಲ್ಲಿ ನಿಂತಿದ್ದ. ಹೆಲ್ಮೆಟ್ ತೊಟ್ಟ ಹುಡುಗರು ಅಮೆರಿಕನ್ ಫುಟ್‌ಬಾಲ್ ಆಡುತ್ತಿದ್ದರು. ನಿಯಮಗಳೊಂದೂ ಅವನಿಗೆ ಗೊತ್ತಿರಲಿಲ್ಲ. ಆದರೆ ಒಬ್ಬ ಚೆಂಡು ಹಿಡಿದು ಗೆರೆ ದಾಟಲು ನುಗ್ಗುತ್ತಾನೆ, ಹನ್ನೊಂದು ಜನ ಬಿಡುವುದಿಲ್ಲ ಎಂಬಷ್ಟು ಕಂಡಿತು. ಬಿಡುವುದಿಲ್ಲ ಎನ್ನುವವರೆಲ್ಲ ನುಗ್ಗುವವನ ಎದೆಗೇ ಹೋಗಿ ಬಡಿದು, ಕೆಸುವಿನ ಎಲೆಯ ಮೇಲಿನ ನೀರಿನಂತೆ ಜಾರಿ ಬೀಳುತ್ತಿದ್ದರು. ಅವನು ಜೋರಾಗಿಯೇ ನಕ್ಕುಬಿಟ್ಟ.

ಕೋಚ್ ಲೆನಾರ್ಟ್ ಕಾಲೇಜಿನ ವ್ಯಾಯಾಮ ಶಿಕ್ಷಕ, ಅರವತ್ತರ ಹತ್ತಿರದವನು. ನಗುವವರು ಒಳಗೆ ಬಂದು ತೋರಿಸಬಹುದು ಎಂದ. ಮಹಾಬಲೇಶ್ವರ ಕೋಟು ಬಿಚ್ಚಿ ಹುಲ್ಲಿನ ಮೇಲಿಟ್ಟ. ನೂರಾಹತ್ತು ಕಿಲೋ ತೂಕದ ಹುಡುಗನೊಬ್ಬ ಅವನತ್ತ ಓಡಿ ಬಂದ. ನಲವತ್ತರ ಈ ಸಣಕಲು ಮನುಷ್ಯ ಕೊನೆಯ ಗಳಿಗೆಯಲ್ಲಿ ಕುಕ್ಕರಿಸಿ, ಎರಡೂ ಕೈಯಲ್ಲಿ ಅವನ ಒಂದು ಕಣಕಾಲನ್ನು ಹಿಡಿದು ಎದೆಗೆ ಅವುಚಿಕೊಂಡ. ಹುಡುಗ ಮರದ ದಿಮ್ಮಿಯಂತೆ ಬಿದ್ದ.

ಎಲ್ಲಿ ಕಲಿತೆ ಎಂದು ಲೆನಾರ್ಟ್ ಕೇಳಿದ. ಕಡಲ ಮರಳಿನಲ್ಲಿ ಎಂದು ಇವನು ಹೇಳಿದ. ಅಂಕೋಲೆಯ ಯುವಕ ಸಂಘಕ್ಕೆ ಹನ್ನೊಂದು ವರ್ಷ ಕಬಡ್ಡಿ ಆಡಿದವನು ಅವನು. ಅಲ್ಲಿ ಎಲ್ಲರ ಬಾಯಲ್ಲೂ ಅವನು ಮಾಬ್ಲ. ಸ್ಟೆನ್‌ವಿಕ್‌ನ ಹುಡುಗರೂ ಉದ್ದ ಹೆಸರಿನೊಡನೆ ಒಂದು ವಾರ ಗುದ್ದಾಡಿ ಕೊನೆಗೆ ಅಲ್ಲಿಗೇ ಬಂದು ನಿಂತರು.

ನಾಲ್ಕು ವರ್ಷ ಮಾಬ್ಲ ಲೆನಾರ್ಟ್‌ನ ಸಹಾಯಕನಾಗಿ ದುಡಿದ. ವಾರಕ್ಕೆರಡು ಸಂಜೆ, ಸಂಬಳವಿಲ್ಲ. ನಿಯಮದ ಪುಸ್ತಕವನ್ನು ನಿಘಂಟು ಹಿಡಿದು ಓದಿದ; ತಿಳಿಯದ ಪದವನ್ನು ಪದ್ಮಿನಿಯನ್ನು ಕೇಳಿದ. ಹಿಡಿಯುವುದನ್ನು ಹುಡುಗರು ಕಲಿತರು, ಗೆಲ್ಲುವುದನ್ನು ಮಾತ್ರ ಕಲಿಯಲಿಲ್ಲ. ಆರು ತಂಡಗಳ ವಿದ್ಯಾರ್ಥಿ ಲೀಗಿನಲ್ಲಿ ಮೂರು ವರ್ಷ ಸತತವಾಗಿ ಕೊನೆಯ ಸ್ಥಾನ. 2006ರಲ್ಲಿ ಲೆನಾರ್ಟ್ ಮಂಡಿಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ನಿವೃತ್ತನಾದ. ಪ್ರಾಂಶುಪಾಲೆ ಬಿರ್ಗಿಟ್ಟಾ ಮಾಬ್ಲನನ್ನು ಕರೆದು, ಈ ಒಂದು ವರ್ಷ ನೀನೇ ನೋಡಿಕೋ, ಈ ಸಲವೂ ಕೊನೆಯಲ್ಲೇ ಉಳಿದರೆ ತಂಡವನ್ನು ನಿಲ್ಲಿಸುತ್ತೇವೆ ಎಂದಳು.

ಪದ್ಮಿನಿ ಆ ಹೊತ್ತಿಗೆ ದಾಗಿಸ್ ಎಂಬ ಅಲ್ಲಿನ ಶಿಶುವಿಹಾರದಲ್ಲಿ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದಳು. ಸುದ್ದಿ ಕೇಳಿ ಚಪಾತಿ ಲಟ್ಟಿಸುವುದನ್ನು ನಿಲ್ಲಿಸಿದಳು.

"ಅಲ್ರೀ, ನಿಮ್ಮ ಕೈಗೆ ಕೊಡ್ತಿದಾರೆ ಅಂದ್ರೆ ಟೀಮ್ ಕ್ಲೋಸ್ ಮಾಡೋದು ಡಿಸೈಡ್ ಆಗಿದೆ ಅಂತ ಅರ್ಥ."

"ಇರ್ಲಿ ಬಿಡೇ. ಮುಚ್ಚೋ ಬಾಗಿಲಿಗೆ ಕಾಲು ಅಡ್ಡ ಇಡೋಕೂ ಒಬ್ಬ ಬೇಕಲ್ಲ."

ಮಾಬ್ಲ ಎಡವಿದ್ದು ಮೊದಲ ಪಂದ್ಯದಲ್ಲೇ. ಚೆಂಡು ಕೈಬಿಟ್ಟವನನ್ನು, ಹಿಡಿತ ತಪ್ಪಿದವನನ್ನು ಹೊರಗೆ ಕರೆದು ಗೆರೆಯ ಪಕ್ಕ ಹುಲ್ಲಿನ ಮೇಲೆ ಕೂರಿಸಿದ. ಎರಡನೆಯವನನ್ನು ಮೊದಲನೆಯವನ ಪಕ್ಕ, ಮೂರನೆಯವನನ್ನು ಅವನ ಪಕ್ಕ. ಅವನ ಮಟ್ಟಿಗೆ ಅದು ಉಸಿರಾಟದಷ್ಟೇ ಸಹಜ. ಆದರೆ ತಂಡ ಆ ಪಂದ್ಯ ಸೋತಿತು, ಎರಡನೆಯದನ್ನೂ ಸೋತಿತು, ನಾಲ್ವರು ಅಭ್ಯಾಸಕ್ಕೆ ಬರುವುದನ್ನೇ ಬಿಟ್ಟರು. ಬಿರ್ಗಿಟ್ಟಾ ಸಭೆ ಕರೆದಳು. ಕಾಫಿ, ದಾಲ್ಚಿನ್ನಿ ಬನ್ನು, ಎಲ್ಲರಿಗೂ ಮಾತಾಡುವ ಸರದಿ. ನಾಯಕ ಯೂನಾಸ್ ತಂಡದ ಅತಿ ಬಲಶಾಲಿ, ಮಾತು ಮಾತ್ರ ಮೆತ್ತಗೆ. ತಪ್ಪು ಮಾಡಿದವರನ್ನು ಊರೆದುರು ಸಾಲಾಗಿ ಕೂರಿಸುವುದು ಅವಮಾನ ಎಂದು ಅವನು ಬನ್ನನ್ನು ನೋಡುತ್ತಲೇ ಹೇಳಿದ. ಅವಮಾನವೆಂಬ ಮಾತು ಆ ಸಾಲಿನ ಹತ್ತಿರ ಎಲ್ಲಿಂದ ಬಂತೆಂದೇ ಮಾಬ್ಲನಿಗೆ ತಿಳಿಯಲಿಲ್ಲ.

ಮನೆಗೆ ಬಂದು ಹೇಳಿಕೊಂಡಾಗ ಪದ್ಮಿನಿ ಒಂದೇ ಪ್ರಶ್ನೆ ಕೇಳಿದಳು.

"ಔಟಾದೋನು ವಾಪಸ್ ಬರ್ತಾನೆ ಅಂತ ಅವ್ರಿಗೆ ಹೇಳಿದ್ರಾ?"

"ಅದ್ರಲ್ಲಿ ಹೇಳೋದೇನಿದೆ? ಚಿಕ್ಕ ಮಗೂಗೂ ಗೊತ್ತಿರತ್ತೆ."

"ಅಂಕೋಲೇಲಿ ಗೊತ್ತಿರತ್ತೆ ಕಣ್ರೀ."

ನಾಲ್ಕು ವರ್ಷದಲ್ಲಿ ಮಾಬ್ಲ ಹುಡುಗರಿಗೆ ಹಿಡಿಯುವುದನ್ನು ಕಲಿಸಿದ್ದ; ಹಿಡಿದರೆ ಏನಾಗುತ್ತದೆ ಎಂಬುದನ್ನು ಕಲಿಸಿರಲಿಲ್ಲ.

ಮರುದಿನ ಸಂಜೆ ಹೆಲ್ಮೆಟ್ಟುಗಳನ್ನೆಲ್ಲ ಬದಿಗಿಡಿಸಿ, ಹುಲ್ಲಿನ ಮೇಲೆ ಸುಣ್ಣದ ಗೆರೆ ಎಳೆದು ಕಬಡ್ಡಿ ಆಡಿಸಿದ. ಮನೆಯಲ್ಲೇ ಉಳಿದಿದ್ದ ನಾಲ್ವರನ್ನು ಯೂನಾಸ್ ಫೋನು ಮಾಡಿ ಕರೆಸಿದ್ದ, ಕೊನೆಯ ಸಲ ಎಂಬ ಕರಾರಿನ ಮೇಲೆ. ಹದಿಮೂರರ ಮಗಳು ದೀಪ್ತಿ ಅಪ್ಪನ ಜೊತೆ ಬಂದವಳು ಎದುರು ತಂಡದಿಂದ ಉಸಿರು ಕಟ್ಟಿ ಬಂದು, ಮೊದಲ ದಾಳಿಯಲ್ಲೇ ಯೂನಾಸ್‌ನನ್ನು ಮುಟ್ಟಿ ಓಡಿದಳು. ಇಷ್ಟು ದೊಡ್ಡ ಮೈ ಇದ್ದರೆ ಮುಟ್ಟಲು ಗುರಿಯೇ ಬೇಕಿಲ್ಲ ಎಂದು ಸ್ವೀಡಿಷ್‌ನಲ್ಲಿ ಚುಚ್ಚಿದಳು. ಯೂನಾಸ್ ಗೆರೆಯ ಹೊರಗೆ ಹೋಗಿ ಕೂತ. ಮುಂದಿನ ದಾಳಿಗಾರನನ್ನು ತಂಡದ ಅತಿ ಚಿಕ್ಕ ಆಟಗಾರ ಏಮಿಲ್ ಕಾಲು ಅವುಚಿ ಹಿಡಿದ. ಮಾಬ್ಲ ಯೂನಾಸ್‌ನತ್ತ ಕೈ ತೋರಿಸಿದ.

"ಏಳು. ನಿನಗೆ ಜೀವ ಬಂತು."

"ನಾನೇನೂ ಮಾಡಲಿಲ್ಲವಲ್ಲ."

"ಏಮಿಲ್ ಮಾಡಿದ. ನೀನು ಕೂತಿದ್ದೀಯ ಅಂತಲೇ ಮಾಡಿದ."

ಯೂನಾಸ್ ಎದ್ದು ಒಳಗೆ ಬಂದ. ಆ ಸಂಜೆ ಬೆಳಕು ಹೋಗುವವರೆಗೂ ಆಟ ನಿಲ್ಲಲಿಲ್ಲ. ಬಿಟ್ಟು ಹೋಗಿದ್ದ ನಾಲ್ವರು ವಾರಾಂತ್ಯದ ಪಂದ್ಯಕ್ಕೆ ಎಲ್ಲರಿಗಿಂತ ಮೊದಲೇ ಬಂದು ನಿಂತಿದ್ದರು. ಹೊಸ ನಿಯಮವನ್ನು ತಂಡವೇ ಕೂತು ಒಪ್ಪಿಕೊಂಡಿತು: ತಪ್ಪಿದವನು ಬದಲಿ ಆಟಗಾರನಿಗೆ ಜಾಗ ಬಿಟ್ಟು ಸಾಲಿನಲ್ಲಿ ಕೂರಬೇಕು, ಎದುರಾಳಿಯ ಒಂದು ಪ್ರಯತ್ನವನ್ನು ಒಳಗಿನವರು ತಡೆದರೆ ಸಾಲಿನ ಮೊದಲಿಗ ಎದ್ದು ಒಳಗೆ ಹೋಗಬೇಕು. ಸರದಿ ಮೀರುವಂತಿಲ್ಲ.

ಮೂರನೆಯ ಪಂದ್ಯ ಗೆದ್ದರು, ನಾಲ್ಕನೆಯದು ಸೋತರು. ಸೆಪ್ಟೆಂಬರಿನ ಕೊನೆಯ ಶನಿವಾರ ಉಪ್ಸಾಲಾದ ವಿದ್ಯಾರ್ಥಿ ತಂಡ ಸ್ಟೆನ್‌ವಿಕ್‌ಗೆ ಬಂತು. ಅವರದೂ ಒಂದೇ ಗೆಲುವು. ಇಲ್ಲಿ ಸೋತವರಿಗೆ ಕೊನೆಯ ಸ್ಥಾನ.

ಆಟ ಮುಗಿಯಲು ಎರಡು ನಿಮಿಷ. ಸ್ಟೆನ್‌ವಿಕ್ ನಾಲ್ಕು ಅಂಕ ಮುಂದಿತ್ತು. ಆಗ ಯೂನಾಸ್‌ನ ಕೈಯಿಂದ ಚೆಂಡು ಜಾರಿತು, ಅದೂ ತನ್ನದೇ ಗೆರೆಯಿಂದ ಎರಡು ಹೆಜ್ಜೆ ದೂರದಲ್ಲಿ. ಉಪ್ಸಾಲಾದವರು ಅದರ ಮೇಲೆ ಬಿದ್ದರು. ಇನ್ನು ನಾಲ್ಕು ಪ್ರಯತ್ನಗಳಲ್ಲಿ ಒಮ್ಮೆ ಆ ಗೆರೆ ದಾಟಿದರೆ ಆರು ಅಂಕ, ಪಂದ್ಯ ಅವರದು. ಯೂನಾಸ್ ಯಾರನ್ನೂ ಕೇಳದೆ ಹೊರಗೆ ನಡೆದು ಬಂದು ಸಾಲಿನಲ್ಲಿ ಕೂತ. ಆಗಷ್ಟೇ ಹಿಡಿತ ತಪ್ಪಿ ಬಂದಿದ್ದ ಏಮಿಲ್ ಅವನಿಗಿಂತ ಮೊದಲು ಅಲ್ಲಿದ್ದ.

ಬಿರ್ಗಿಟ್ಟಾ ಕೂಡ ಗೆರೆಯ ಹತ್ತಿರ ಬಂದು ನಿಂತಿದ್ದಳು. ಮಾಬ್ಲ ಸಾಲಿನತ್ತ ತಿರುಗಿದ. ಯೂನಾಸ್‌ನನ್ನು ಈಗಲೇ ಒಳಗೆ ಕಳಿಸಿದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅವನೇ ಗೋಡೆ. ಅವನಿಲ್ಲದೆ ಎರಡು ಹೆಜ್ಜೆಯನ್ನು ಯಾರು ಕಾಯುತ್ತಾರೆ? ಕರೆಯಲೆಂದು ಎತ್ತಿದ ಕೈ ಅರ್ಧಕ್ಕೇ ನಿಂತಿತು. ಇವತ್ತು ಸರದಿ ಮುರಿದರೆ ಆ ಸಾಲು ಮತ್ತೆ ಶಿಕ್ಷೆಯ ಸಾಲೇ ಆಗುತ್ತದೆ. ಕೈಯನ್ನು ಜೇಬಿಗಿಟ್ಟುಕೊಂಡ.

ಮೊದಲ ಪ್ರಯತ್ನ. ಒಳಗಿದ್ದವರು ಒಬ್ಬರ ಮೇಲೊಬ್ಬರು ಬಿದ್ದು ತಡೆದರು. ಏಮಿಲ್ ಎದ್ದು ಓಡಿದ. ಅರವತ್ತು ಕಿಲೋದ ಹುಡುಗ ಗೋಡೆಯಾಗಬೇಕಿದ್ದ ಕಡೆ ನಿಂತದ್ದನ್ನು ಕಂಡು ಉಪ್ಸಾಲಾದವರು ನಕ್ಕರು, ಎರಡನೆಯ ಸಲ ಚೆಂಡನ್ನು ನೇರ ಅವನ ಮೇಲೆಯೇ ನುಗ್ಗಿಸಿದರು. ಏಮಿಲ್ ಕುಕ್ಕರಿಸಿ ಕಣಕಾಲು ಹಿಡಿದ. ಎಳೆದಾಡಿದರೂ ಬಿಡಲಿಲ್ಲ. ದಿಮ್ಮಿ ಬಿತ್ತು. ಒಳಗಿದ್ದ ಹನ್ನೊಂದು ಜನವೂ ಹೊರಗೆ ತಿರುಗಿ, ಏಳು ಏಳು ಎಂದು ಯೂನಾಸ್‌ನತ್ತ ಕೈ ಬೀಸಿದರು.

ಯೂನಾಸ್ ಒಳಗೆ ಹೋದಾಗ ಅವನ ಕಣ್ಣು ಒದ್ದೆಯಾಗಿತ್ತು ಎಂದು ಪದ್ಮಿನಿ ಇವತ್ತಿಗೂ ಹೇಳುತ್ತಾಳೆ. ಮೂರನೆಯದನ್ನು ಅವನೊಬ್ಬನೇ ನಿಲ್ಲಿಸಿದ. ನಾಲ್ಕನೆಯದರಲ್ಲಿ ಕಾಲಿಗೆ ಏಮಿಲ್, ಸೊಂಟಕ್ಕೆ ಯೂನಾಸ್. ಗುಂಪು ಕುಸಿಯಿತು. ತೀರ್ಪುಗಾರ ಒಬ್ಬೊಬ್ಬರನ್ನೇ ಎಬ್ಬಿಸಿ ನೋಡಿದ. ಚೆಂಡು ಗೆರೆ ದಾಟದೆ, ಒಂದು ಗೇಣು ಮೊದಲೇ ಮಲಗಿತ್ತು.

ಆರರಲ್ಲಿ ಐದನೆಯ ಸ್ಥಾನ. ಅಷ್ಟಕ್ಕೇ ಸ್ಟೆನ್‌ವಿಕ್ ಆ ದಿನ ಕುಣಿದ ಕುಣಿತ ಮೂರು ವರ್ಷದ ಮೇಲೆ ಲೀಗಿನ ಕಪ್ಪು ಗೆದ್ದಾಗಲೂ ಕುಣಿಯಲಿಲ್ಲ. ಬಿರ್ಗಿಟ್ಟಾ ಬಂದು ಮಾಬ್ಲನ ಕೈ ಕುಲುಕಿ, ಮುಂದಿನ ವರ್ಷದ ಅಭ್ಯಾಸ ಯಾವತ್ತಿನಿಂದ ಎಂದಷ್ಟೇ ಕೇಳಿದಳು.

ಹುಡುಗರೆಲ್ಲ ಮೈದಾನದ ನಡುವೆ ಇದ್ದರು. ಸಾಲು ಖಾಲಿಯಾಗಿತ್ತು. ಮಾಬ್ಲ ಸಾಲಿನ ಜಾಗದಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟ. ಪದ್ಮಿನಿ ಬಂದು ಕೈ ಚಾಚಿದಳು.

"ಏಳ್ರೀ. ನಿಮಗೂ ಜೀವ ಬಂತು."