ಬಸ್ಸಿನಲ್ಲಿ ಕೂತು ಉಳಿಸಿದ ಪಂಚಾಯ್ತಿ

ನಮ್ಮೂರಿನ ಗ್ರಾಮ ಪಂಚಾಯ್ತಿ ಮುಚ್ಚಿ ಊರನ್ನು ಪಕ್ಕದ ಪುರಸಭೆಗೆ ಸೇರಿಸಬೇಕೋ ಬೇಡವೋ ಅಂತ ಗ್ರಾಮಸಭೆ ಕೂತಿದ್ದ ದಿನ ನಾನು ಕತಾರಿನಲ್ಲಿದ್ದೆ, ಅಲ್ ಖೋರ್‌ನಿಂದ ರಾಸ್ ಲಫಾನ್‌ಗೆ ಹೋಗುವ ಕಂಪನಿ ಬಸ್ಸಿನಲ್ಲಿ. ಇಲ್ಲಿ ನಾನು ಬರೀ ಅಡುಗೆಯವನು. ಊರಲ್ಲಿ ಹಾಗಲ್ಲ. ಗ್ರಾಮಸಭೆಯಲ್ಲಿ ನಾನೊಮ್ಮೆ ದನಿ ಎತ್ತಿದ್ದಕ್ಕೆ ಸೂರಿನಿಂದ ಮೂರು ಹೆಂಚು ಜಾರಿ ಬಿದ್ದಿದ್ದವು. ಅದಕ್ಕೇ ಅಧ್ಯಕ್ಷ ನನಗೇ ಫೋನ್ ಮಾಡಿದ.

“ದೊಡ್ಡಪ್ಪಾ, ಅರ್ಧ ಜನ ಬೇಕು ಅಂತಾರೆ, ಅರ್ಧ ಜನ ಬೇಡ ಅಂತಾರೆ. ನೀವು ಹೇಳಿದಂಗೆ ಆಗ್ಲಿ.”

ಬೀದಿಗೆಲ್ಲ ದೀಪ ಬರ್ತದೆ, ಸೇರಿಸ್ಬಿಡ್ರಪ್ಪ ಅನ್ನಲು ಬಾಯಿ ತೆರೆದಿದ್ದೆ. ಫೋನಿನ ಸದ್ದು ಬಸ್ಸಿಗೆಲ್ಲ ಕೇಳುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಉಡುಪಿ ಕಡೆಯವನೊಬ್ಬ, ಗುರುತಿಲ್ಲ ಪರಿಚಯವಿಲ್ಲ, ನನ್ನ ಮೊಣಕೈ ಹಿಡಿದ.

“ಒಂದು ನಿಮಿಷ ಅಜ್ಜಾ. ನಿಮ್ಮಲ್ಲಿ ನೀರಿನ ಪೈಪು ಒಡೆದರೆ ಯಾರಿಗೆ ಹೇಳುವುದು?”

“ಪಂಚಾಯ್ತಿಯಿಂದ ನೀರು ಬಿಡೋ ನೀರುಗಂಟಿಗೆ. ಜಗಲಿಯಿಂದ ಕೂಗಿದ್ರೆ ಬರ್ತಾನೆ.”

“ನಮ್ಮ ಊರು ಪುರಸಭೆಗೆ ಸೇರಿಯಾಯ್ತು ಮಾರಾಯ್ರೇ. ದೀಪ ಬಂತು. ಪೈಪು ಒಡೆದರೆ ಮಾತ್ರ ಅರ್ಜಿ ಹಿಡಿದು ಪೇಟೆಗೆ ಹೋಗಬೇಕು. ಸೇರುವುದಾದರೆ ಸೇರಿ, ಆದರೆ ನೀರುಗಂಟಿ ಊರಲ್ಲೇ ಇರ್ತಾನೆ ಅಂತ ಮೊದಲು ಬರೆಸಿಕೊಳ್ಳಿ.”

ನಾನು ಗಂಟಲು ಸರಿಮಾಡಿಕೊಂಡು ಅವನು ಹೇಳಿದ್ದನ್ನೇ ಫೋನಿನಲ್ಲಿ ಗುಡುಗಿದೆ. ಹಾಗೆ ಬರೆದುಕೊಡಲು ಪುರಸಭೆಯವರು ಒಪ್ಪಲಿಲ್ಲ. ಪಂಚಾಯ್ತಿ ಉಳಿಯಿತು.

ಆ ಪುಣ್ಯಾತ್ಮ ಅವತ್ತು ಕಂಪನಿಯ ಮೊದಲ ಗೇಟಿನಲ್ಲೇ ಇಳಿದುಹೋದ. ಹೆಸರು ಕೇಳುವುದು ಮರೆತೆ, ಆದರೆ ಅವನನ್ನು ನೆನೆಯದ ದಿನವಿಲ್ಲ. ಊರಿನವರು ಈಗಲೂ ಫೋನ್ ಮಾಡಿ ಎಂಥ ತಲೆ ನಿಮ್ಮದು ಅಂತ ಹೊಗಳುತ್ತಾರೆ. ಅವನು ಸಿಗುವ ತನಕ ಆ ಹೊಗಳಿಕೆಯನ್ನು ಅವನ ಪರವಾಗಿ ನಾನೇ ಇಟ್ಟುಕೊಂಡಿದ್ದೇನೆ.