ತಾಮು ದೀಪ ತಿರುಗಿಸಿದ ಸಂಜೆ

ನಮ್ಮೂರ ಕಡಲಂಚಿನ ದೀಪಸ್ತಂಭವನ್ನು ಕಾದವರು ಒಂದೇ ಮನೆತನದವರು. ಅಜ್ಜ ಕತ್ತೆಯ ಮೇಲೆ ಎಣ್ಣೆ ಹೇರಿಕೊಂಡು ಬಂದು ಉರಿಸಿದ. ಅಪ್ಪನ ಕಾಲಕ್ಕೆ ಸೀಮೆಎಣ್ಣೆ ಬಂತು. ಮೊಮ್ಮಗ ಬೂಶ್ತಾನಿಗೆ ವಿದ್ಯುತ್ತು ಸಿಕ್ಕರೂ ದೀಪದ ಗಾಜನ್ನು ತಿರುಗಿಸುವುದು ಮಾತ್ರ ಹಳೆಯ ಯಂತ್ರವೇ. ಸರಪಳಿಗೆ ತೂಗುಬಿಟ್ಟ ಕಬ್ಬಿಣದ ಗುಂಡು ಇಳಿದಂತೆಲ್ಲ ಗಾಜು ತಿರುಗುತ್ತಿತ್ತು.

ಅವನ ಹೆಂಡತಿ ತಾಮು ಅಟ್ಲಾಸ್ ಬೆಟ್ಟದವಳು. ಗೋಪುರದ ಬುಡದ ಮನೆಯಲ್ಲೇ ಮಕ್ಕಳನ್ನು ಹೆತ್ತು ಸಾಕಿದರೂ ಮೇಲೆ ಹತ್ತಿದವಳಲ್ಲ.

"ಬೆಟ್ಟದಲ್ಲಿ ಹುಟ್ಟಿ ಎತ್ತರಕ್ಕೆ ಹೆದರ್ತೀಯಲ್ಲೇ!" ಎಂದು ನಾನು ಛೇಡಿಸಿದರೆ, "ಬೆಟ್ಟದ ಕೆಳಗೆ ಮಣ್ಣಿರುತ್ತೆ ಕಣೇ ಯಾಮ್ನಾ, ಇದರ ಕೆಳಗೆ ಬರೀ ನೀರು" ಎನ್ನುತ್ತಿದ್ದಳು.

ಆ ವಸಂತದಲ್ಲೊಂದು ದಿನ ಮರುಭೂಮಿಯಿಂದ ಕೆಂಧೂಳಿನ ಗಾಳಿ ಎದ್ದು, ಇಳಿಹೊತ್ತಿನ ಅಸರ್ ನಮಾಜಿಗೇ ಕತ್ತಲಾಯಿತು. ನನ್ನ ಗಂಡ ಅಲ್ಲಾಲನದೂ ಸೇರಿ ಊರ ದೋಣಿಗಳೆಲ್ಲ ಕಡಲಲ್ಲಿದ್ದವು. ನಾವು ಹೆಂಗಸರು ಗೋಪುರದ ಬುಡದಲ್ಲಿ ಸೇರಿದ್ದೆವು. ಬೂಶ್ತಾ ದೀಪ ಹಚ್ಚಿದ್ದನಷ್ಟೆ, ಸರಪಳಿ ಕಡಿದು ಅವನ ಬಲಗೈ ಜಜ್ಜಿಹೋಯಿತು. ದೀಪ ಉರಿಯುತ್ತಿತ್ತು, ತಿರುಗುತ್ತಿರಲಿಲ್ಲ. ತಿರುಗದೆ ನಿಂತ ದೀಪವೆಂದರೆ ದೋಣಿಯವರಿಗೆ ದಕ್ಷಿಣದ ಬಂದರಿನ ಗುರುತು. ಅದೆಂದು ನಂಬಿ ದೋಣಿಗಳು ನೇರ ಬಂದರೆ ನಮ್ಮ ಬಂಡೆಗೇ ಬಡಿಯುತ್ತಿದ್ದವು.

ಬೂಶ್ತಾ ರಕ್ತ ಸುರಿಸುತ್ತ ಇಳಿದು ಬಂದ. "ಹತ್ತೇ ತಾಮೂ, ಕೈಯಲ್ಲಿ ತಳ್ಳು! ಗಾಜು ಪಾದರಸದ ಮೇಲೆ ತೇಲ್ತಿದೆ, ಬೆರಳಿಗೂ ತಿರುಗುತ್ತೆ!"

ತಾಮು ಗೋಡೆ ಹಿಡಿದು ಹತ್ತಿದಳು. ನಾನೂ ಹಿಂದೆಯೇ ಹೋದೆ. ಮೇಲಿನ ಬಾಗಿಲಲ್ಲೇ ನಾನು ನಿಂತುಬಿಟ್ಟೆ. ಆಳೆತ್ತರವನ್ನೂ ಮೀರಿದ ಗಾಜು, ಉಂಗುರದೊಳಗೆ ಉಂಗುರ, ಅಂಚಂಚಿಗೂ ಕಾಮನಬಿಲ್ಲು. ಯಾ ರಬ್ಬೀ, ನನ್ನ ದೇವರೇ, ಮನುಷ್ಯರು ಇದನ್ನೂ ಮಾಡಿದರೇ! ತಾಮು ಅಂಗೈ ಇಟ್ಟಳು. ಅಷ್ಟು ದೊಡ್ಡದು ಸದ್ದಿಲ್ಲದೆ ಹೊರಟಿತು.

"ಎಷ್ಟು ಬೇಗ ತಿರುಗ್ಬೇಕು?" ಎಂದೆ.

"ಸಂಜೆ ಅಂಗಳದಲ್ಲಿ ಹಿಟ್ಟು ಬೀಸ್ವಾಗೆಲ್ಲ ಹಾಡಿನ ಸಾಲಿಗೊಂದ್ಸಲ ಬೆಳಕು ತಲೆ ಮೇಲೆ ಹಾದು ಹೋಗ್ತಿತ್ತಲ್ಲ," ಎಂದವಳೇ ಬೆಟ್ಟದ ಬೀಸುವ ಹಾಡು ಹಿಡಿದಳು. ಅವಳ ಕೈ ಸೋತಾಗ ನಾನು ತಳ್ಳಿದೆ, ಅವಳು ಹಾಡಿದಳು.

ದೋಣಿಗಳೆಲ್ಲ ಬಂದವು. ಅಲ್ಲಾಲ ಮರಳಿಗೆ ಹಣೆ ಹಚ್ಚಿ ಎದ್ದು, "ಏನಯ್ಯಾ ಬೂಶ್ತಾ, ಇವತ್ತು ನಿನ್ನ ದೀಪ ಹಿಟ್ಟು ಬೀಸ್ತಿತ್ತಾ? ಒಂದ್ಸಲ ಜೋರು, ಒಂದ್ಸಲ ನಿಧಾನ!" ಎಂದ.

"ದೀಪ ನಂದು, ಬೀಸಿದ್ದು ನಮ್ಮನೆಯವಳು," ಎಂದ ಬೂಶ್ತಾ, ಅಳುತ್ತಲೇ ನಗುತ್ತ.

ಹೊಸ ಸರಪಳಿ ಬರುವ ಹೊತ್ತಿಗೆ ಗೋಧಿ ಕಟಾವು ಮುಗಿದಿತ್ತು. ಅಲ್ಲಿಯವರೆಗೆ ಊರ ಹೆಂಗಸರೆಲ್ಲ ಸರದಿಯಲ್ಲಿ ಹತ್ತಿದೆವು; ಪ್ರತಿ ಸಂಜೆ ಮೊದಲ ಸರದಿ ತಾಮುವಿನದೇ. ಒಮ್ಮೆ ನಮ್ಮ ಇಡೀ ಊರಿಗಿಂತ ದೊಡ್ಡ ಹಡಗೊಂದು ದಿಗಂತದಲ್ಲಿ ಮೂಡಿ, ಮೆಲ್ಲನೆ ಮೂತಿ ತಿರುಗಿಸಿ ಬಂಡೆಗಳಿಂದ ದೂರ ಸರಿಯಿತು.

"ನೋಡೇ ಯಾಮ್ನಾ," ಎಂದು ತಾಮು ಪಿಸುಗುಟ್ಟಿದಳು, "ಅಷ್ಟು ದೊಡ್ಡದು, ನಮ್ಮ ಮಾತು ಕೇಳ್ತು!"