ಅಲಾಸ್ಕಾದಿಂದ ಬಂದ ಅಭಿನಂದನೆ

ಆ ಗುರುವಾರವೂ ನಮ್ಮ ಮನೆ ಎಂದಿನಂತೆ ಆರೂಕಾಲಿಗೆ ಎದ್ದಿತು. ಯಜಮಾನರ ಡಬ್ಬಿಗೆ ಚಪಾತಿ, ಬದನೆಕಾಯಿ ಪಲ್ಯ. ಮಗಳಿಗೆ ಅಂಚು ಕತ್ತರಿಸಿದ ಬ್ರೆಡ್ಡು. ಒಗ್ಗರಣೆಯ ಹೊಗೆಗೆ ಸ್ಮೋಕ್ ಅಲಾರಂ ಕಿರುಚದಂತೆ ಅದರ ಕೆಳಗೆ ನಿಂತು ಟವೆಲ್ ಬೀಸುವುದು ಮಗಳ ಪಾಲಿನ ಕೆಲಸ. ಆರು ವರ್ಷದವಳು, ಕುರ್ಚಿ ಹತ್ತಿ ಶ್ರದ್ಧೆಯಿಂದ ಬೀಸುತ್ತಿದ್ದಳು. ಏಳೂವರೆಗೆ ಅವರು ಕಾರಿನಲ್ಲಿ ಆಫೀಸಿಗೆ ಹೊರಟರು, ಎಂಟಕ್ಕೆ ಹಳದಿ ಬಸ್ಸು ಮಗಳನ್ನು ಕರೆದೊಯ್ದಿತು. ಅಲ್ಲಿಂದ ಮೂರೂವರೆಯವರೆಗೆ ನ್ಯೂಜರ್ಸಿಯ ಸಮರ್‌ಸೆಟ್ಟಿನ ಆ ಎರಡನೇ ಮಹಡಿಯ ಅಪಾರ್ಟ್‌ಮೆಂಟಿನಲ್ಲಿ ನಾನೊಬ್ಬಳೇ.

ಕಂಪ್ಯೂಟರ್ ಕೆಲಸಗಳು ಮನೆ ಬಾಗಿಲಿಗೆ ಹುಡುಕಿಕೊಂಡು ಬರುತ್ತಿದ್ದ ವರ್ಷಗಳವು. ನನ್ನದು ಮಾತ್ರ ಡಿಪೆಂಡೆಂಟ್ ವೀಸಾ, ದುಡಿಯುವ ಹಾಗಿಲ್ಲ. ಕಾರು ಓಡಿಸಲೂ ಇನ್ನೂ ಬರುತ್ತಿರಲಿಲ್ಲ. ಹಾಗಾಗಿ ಬೇಸಿಗೆಯ ಪ್ರವಾಸವನ್ನು ಯೋಜಿಸುವುದನ್ನೇ ನಾನೊಂದು ಉದ್ಯೋಗ ಮಾಡಿಕೊಂಡಿದ್ದೆ. ಲೈಬ್ರರಿಯ ಪುಸ್ತಕವೊಂದರಲ್ಲಿ ಅಲಾಸ್ಕಾದ ಕೀನಾಯ್ ಫ್ಯೋರ್ಡ್ಸ್ ನ್ಯಾಷನಲ್ ಪಾರ್ಕ್ ಕಣ್ಣಿಗೆ ಬಿದ್ದಿತ್ತು. ಹಿಮನದಿಗಳು ಬೆಟ್ಟದಿಂದ ಇಳಿದು ಬಂದು ಸಮುದ್ರದ ನೀರಿಗೇ ಕಾಲು ಚಾಚಿ ಕೂತಿರುವ ಜಾಗ ಅದು. ಅವುಗಳ ಹತ್ತಿರ ಹೋಗಲು ರಸ್ತೆಯಿಲ್ಲ, ದೋಣಿಯೇ ಗತಿ. ಹೋಗಿಬರಲು ಆರು ಗಂಟೆ. ಇದನ್ನೆಲ್ಲ ನಾನು ಯಜಮಾನರಿಗೆ ಓದಿ ಹೇಳಿದಾಗ ಅವರು, ನೀನು ಹೇಗೆ ಹೇಳ್ತೀಯೋ ಹಾಗೆ, ಎಂದು ತಾವೇ ಫೋನಿನಲ್ಲಿ ದೋಣಿಯ ಮೂರು ಸೀಟು ಕಾದಿರಿಸಿದ್ದರು. ಪಾರ್ಕಿನವರು ಅಂಚೆಯಲ್ಲಿ ಕಳಿಸಿದ ನಕ್ಷೆ ಫ್ರಿಜ್ಜಿನ ಬಾಗಿಲು ಸೇರಿತ್ತು. ಮಗಳು ನೀಲಿ ಕ್ರೇಯಾನಿನಲ್ಲಿ ನಮ್ಮ ದೋಣಿಯ ದಾರಿಯನ್ನು ಎಷ್ಟು ಸಲ ತಿದ್ದಿದ್ದಳೆಂದರೆ ಅಲ್ಲಿ ಕಾಗದವೇ ಸವೆದಿತ್ತು.

ನನಗೆ ಉಳಿದಿದ್ದು ಒಂದೇ ಚಿಂತೆ, ದೋಣಿಯ ಊಟ. ಬ್ರೋಷರಿನಲ್ಲಿ ಸಾಲ್ಮನ್ ಮೀನಿನ ಚಿತ್ರವಿತ್ತು. ನಮ್ಮ ಮೊಸರನ್ನದ ಡಬ್ಬಿ ಒಯ್ಯಲು ಬಿಡುತ್ತಾರೋ ಇಲ್ಲವೋ ಕೇಳೋಣವೆಂದು ಮಧ್ಯಾಹ್ನ ಒಂದು ಗಂಟೆಯವರೆಗೆ ಕಾದೆ. ಅಲಾಸ್ಕಾದಲ್ಲಿ ಆಗಷ್ಟೇ ಒಂಬತ್ತಾಗಿ ದೋಣಿಯವರ ಆಫೀಸು ತೆರೆಯುತ್ತದೆ. ಫೋನ್ ಎತ್ತಿದ ಹೆಂಗಸು ಹೆಸರು ಕೇಳಿ, ಕೀಲಿಮಣೆ ಕುಟ್ಟಿದಳು. ಆ ಸೀಟುಗಳು ಹೋದ ವಾರವೇ ರದ್ದಾಗಿವೆ, ನಿಮ್ಮ ಗಂಡನೇ ಫೋನ್ ಮಾಡಿದ್ದರು ಎಂದಳು. ಆಮೇಲೆ ದನಿ ಮೆತ್ತಗೆ ಮಾಡಿ, ಅವರು ಮಾಡಿದ್ದು ಸರಿ, ನಿಮ್ಮಂಥ ಸ್ಥಿತಿಯಲ್ಲಿ ಅಲೆಗಳ ಹೊಡೆತ ಒಳ್ಳೆಯದಲ್ಲ ಎಂದು ಸೇರಿಸಿದಳು. "ಕಂಗ್ರಾಜುಲೇಷನ್ಸ್, ಹನಿ. ಎಷ್ಟನೇ ತಿಂಗಳು?"

ಸಿಸ್ಟರುಗಳು ಹತ್ತು ವರ್ಷ ತಿದ್ದಿದ ಕಾನ್ವೆಂಟಿನ ಬಾಯಿ ನನ್ನದು. ಯಾರಾದರೂ ಶುಭ ಕೋರಿದರೆ ಅದು ತನ್ನಷ್ಟಕ್ಕೆ ತಾನೇ ಥ್ಯಾಂಕ್ಯೂ ಅನ್ನುತ್ತದೆ. ಅಂದುಬಿಟ್ಟೆ. ತಿಂಗಳ ಲೆಕ್ಕ ಹೇಳಲಾರದೆ ಫೋನ್ ಇಟ್ಟೆ.

ಕೈ ಹೊಟ್ಟೆಯ ಮೇಲಿತ್ತು. ಯಾವಾಗ ಹೋಯಿತೋ ತಿಳಿಯದು. ನಾಚಿಕೆಯಾಗಿ ತೆಗೆದೆ. ನಾನು ಗರ್ಭಿಣಿಯಲ್ಲ, ಆ ಮಾತು ನಮ್ಮ ಮನೆಯಲ್ಲಿ ಸದ್ಯಕ್ಕೆ ಎದ್ದೂ ಇರಲಿಲ್ಲ. ಒಂಬತ್ತು ವರ್ಷದ ಸಂಸಾರದಲ್ಲಿ ಅವರು ಸುಳ್ಳು ಹೇಳಿದ್ದು ನನಗೆ ನೆನಪಿಲ್ಲ. ಸಾಂಬಾರಿಗೆ ಉಪ್ಪು ಹೆಚ್ಚಾದರೂ ಹೆಚ್ಚಾಗಿದೆ ಅನ್ನುವ ಜಾತಿ. ಅಂಥವರು ಸಾವಿರಾರು ಮೈಲಿ ಆಚೆಯ ಯಾರೋ ಹೆಂಗಸಿಗೆ ನನ್ನನ್ನು ಬಸುರಿ ಮಾಡಿ ಒಪ್ಪಿಸಿದ್ದರು. ಕೆಲಸ ಹೋಗುವ ಸೂಚನೆಯೇನಾದರೂ ಸಿಕ್ಕಿತೇ? ಹಾಗಿದ್ದರೆ ವಿಮಾನದ ಟಿಕೆಟ್ಟನ್ನೂ ರದ್ದು ಮಾಡಿರಬೇಕಿತ್ತು. ಟ್ರಾವೆಲ್ ಏಜೆಂಟಿಗೆ ಫೋನ್ ಮಾಡಿದೆ. ಅವು ಹಾಗೆಯೇ ಇದ್ದವು. ಬೇಡವಾಗಿದ್ದದ್ದು ದೋಣಿಯೊಂದೇ.

ಸಂಜೆ ಅವರು ಬಾಗಿಲ ಬಳಿ ಬೂಟು ಬಿಚ್ಚುತ್ತಿದ್ದಾಗ ನಿಂತಲ್ಲೇ ಕೇಳಿದೆ. ಲೇಸು ಹಿಡಿದ ಬೆರಳು ನಿಂತಿತು. ತಲೆ ಎತ್ತಲಿಲ್ಲ.

"ಏನಾದ್ರೂ ಒಂದು ಕಾರಣ ಹೇಳ್ಬೇಕಿತ್ತಲ್ಲೇ."

"ಅದಕ್ಕೆ ನಾನು ಬಸುರಿ ಆಗ್ಬೇಕಿತ್ತೇನ್ರೀ?"

ಮಗಳು ಒಳಗಿನಿಂದ, ಹೂ ಈಸ್ ಬಸುರಿ, ಎಂದು ಕೂಗಿದಳು. ಇಬ್ಬರೂ ದನಿ ತಗ್ಗಿಸಿದೆವು. ಆರು ಗಂಟೆ ದೋಣಿಯಲ್ಲಿ ಮಗು ಸುಸ್ತಾಗುತ್ತದೆ ಎಂದರು. ಕಾರಿನಲ್ಲೇ ಹೋಗಿ ನೋಡುವ ಹಿಮನದಿಯೂ ಅಲ್ಲಿ ಒಂದಿದೆಯಂತೆ, ಅದಾದರೆ ಸಾಲದೇ ಎಂದರು. ಅದು ಬೆಟ್ಟದಲ್ಲೇ ನಿಂತುಬಿಡುತ್ತದೆ, ಸಮುದ್ರ ಮುಟ್ಟುವುದಿಲ್ಲ ಎಂದೆ. ಸಮುದ್ರ ಜರ್ಸಿಯಲ್ಲೂ ಇದೆಯಲ್ಲ ಎಂದರು. ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತು. ನನಗೆ ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದಾಗ, "ಹೇಳೋಣ ಅಂತಾನೇ ಇದ್ದೆ," ಎಂದು ಎದ್ದು ಬಚ್ಚಲಿಗೆ ಹೋದರು. ಮುಖ ತೊಳೆಯುವ ನಲ್ಲಿ ಬಹಳ ಹೊತ್ತು ಓಡುತ್ತಿತ್ತು.

ಅಲ್ಲಿ ನಿಲ್ಲಲಾರದೆ ಮೈಲಿಗೆ ಬಟ್ಟೆಯ ಬುಟ್ಟಿ ಎತ್ತಿಕೊಂಡು ಕಟ್ಟಡದ ಕೆಳಗಿನ ಲಾಂಡ್ರಿ ರೂಮಿಗೆ ಇಳಿದೆ. ಕೆಳಗಿನ ಮನೆಯ ಧಾರವಾಡದಾಕೆ ಡ್ರೈಯರಿನಿಂದ ಬಟ್ಟೆ ಎಳೆದೆಳೆದು ಮಡಚುತ್ತಿದ್ದರು. ನನ್ನನ್ನು ಕಂಡು, ಛಲೋ ಆತು ನೀವ ಬಂದಿರಿ ಎಂದು ರಾಶಿಯೊಳಗಿಂದ ಗಂಡಸರ ನೀಲಿ ಈಜುಚಡ್ಡಿಯೊಂದನ್ನು ಹುಡುಕಿ ತೆಗೆದು ನನ್ನ ಬುಟ್ಟಿಗೆ ಹಾಕಿದರು.

"ಇದು ನಿಮ್ಮವರದ ರೀ. ಪ್ರತೀ ಸಲ ನಮ್ಮವರ ಚೀಲದಾಗ ಬಿಡ್ತಾರ, ನಾನ ಒಗೀತೇನಿ."

ನನ್ನ ಗಂಡನ ಒಳಬಟ್ಟೆಯಂಥದ್ದನ್ನು ಇನ್ನೊಬ್ಬಾಕೆ ಒಗೆದು ಮಡಚಿ ಕೊಟ್ಟಿದ್ದಳು. ಕಿವಿ ಬಿಸಿಯಾಯಿತು. ನಮ್ಮವರಿಗೆ ಈಜು ಬರುವುದಿಲ್ಲ ಎಂದೆ.

ಬರಂಗಿಲ್ಲಂತನ ಕಲಿಯಾಕ ಹೊಂಟಾರಲ್ಲ, ಎಂದು ಅವರು ದಿಂಬಿನ ಕವರು ಕೊಡವಿದರು. ಟೌನ್‌ಶಿಪ್ಪಿನ ಈಜುಕೊಳ, ಶನಿವಾರ ಬೆಳಿಗ್ಗೆ, ತಮ್ಮವರ ಕಾರಿನಲ್ಲೇ. ಶನಿವಾರ ಬೆಳಿಗ್ಗೆ ನಮ್ಮವರು ಆಫೀಸಿಗೆ ಹೋಗುತ್ತಿದ್ದರು. ನನಗೆ ಗೊತ್ತಿದ್ದದ್ದು ಅಷ್ಟೇ. ನಾನು ಬುಟ್ಟಿಯನ್ನು ಮೆಷೀನಿನ ಮೇಲಿಟ್ಟು ಹಿಡಿದುಕೊಂಡೆ. ಅವರು ನನ್ನ ಮುಖ ನೋಡಲಿಲ್ಲ, ಕಾಲುಚೀಲದ ಜೋಡಿ ಹುಡುಕುತ್ತಿದ್ದರು.

"ಏನೋ ದೋಣಿ ಹತ್ತೂದು ಅದ, ಅಷ್ಟರಾಗ ಧೈರ್ಯ ಬರಬೇಕು ಅಂತ ಶುರು ಮಾಡಿದ್ರಂತ. ಎಂಟು ವಾರ ಆತು ನೋಡ್ರಿ, ಸಣ್ಣ ಹುಡುಗರ ಕಡೆ ಎದಿಮಟ ನೀರಾಗ ನಿಂದರ್ತಾರಂತ, ಕೊಳದ ಗ್ವಾಡಿ ಹಿಡದ ಕೈ ಇನ್ನೂ ಬಿಟ್ಟಿಲ್ಲಂತ."